ಸಹಾಯ ಬೇಕು: ಗೋದಲಿ ತೆಗೆಯುವ ದಿನ ಮಗಳಿಗೆ ಏನು ಹೇಳಲಿ?

ಎಲ್ಲರಿಗೂ ನಮಸ್ಕಾರ. ನಾವು ಪಣಜಿಯಲ್ಲಿ ನೆಲೆಸಿರುವ ಧಾರವಾಡದವರು. ನೆರೆಮನೆಯವರು ಕ್ರಿಸ್‌ಮಸ್‌ಗೆಂದು ವರಾಂಡದಲ್ಲಿ ಕಟ್ಟಿದ ಗೋದಲಿಯನ್ನು (ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ತೋರಿಸುವ ದೃಶ್ಯ) ಮೂರು ವರ್ಷದ ನಮ್ಮ ಮಗಳು ತನ್ನದೆಂದೇ ನಂಬಿದ್ದು, ಕುರಿಮರಿಗೆ ಚಳಿಯಾಗುತ್ತದೆಂದು ಕರವಸ್ತ್ರ ಹೊದಿಸುತ್ತಾಳೆ, ಬಾಲಯೇಸುವನ್ನು ಕಾಣಲು ದೂರದಿಂದ ನಡೆದು ಬರುತ್ತಿರುವ ಮೂವರು ರಾಜರ ಒಂಟೆಗಳಿಗೆಂದು ತನ್ನ ಪಾಲಿನ ನೆವ್ರಿಯನ್ನು (ಕರ್ಜಿಕಾಯಿಯಂಥ ಸಿಹಿ) ತೆಗೆದಿಡುತ್ತಾಳೆ. ಅವಳ ಈ ಸಂಭ್ರಮವನ್ನು ನೋಡುವುದೇ ನಮಗೆ ಹಬ್ಬವಾಗಿದೆ. ಆದರೆ ಜನವರಿ 6ರ ಮೂವರು ರಾಜರ ಹಬ್ಬ ಮುಗಿದ ಮೇಲೆ ಗೋದಲಿಯನ್ನು ತೆಗೆಯುತ್ತಾರೆ. "ಆಮೇಲೆ ಕುರಿಮರಿ ಎಲ್ಲಿ ಮಲಗುತ್ತದೆ?" ಎಂದು ಅವಳು ದಿನವೂ ಕೇಳುತ್ತಿದ್ದಾಳೆ, ಇದನ್ನು ಬರಿಯ ಹಠವೆಂದು ನಾನು ತಳ್ಳಿಹಾಕಲಾರೆ. ಪೆಟ್ಟಿಗೆಯಲ್ಲಿ ಇಡುತ್ತಾರೆಂದರೆ ಅಳುತ್ತಾಳೆ. ಬೇರೆ ಗೊಂಬೆ ತಂದುಕೊಟ್ಟರೂ ಒಪ್ಪಲಿಲ್ಲ. ಸುಳ್ಳು ಹೇಳದೆ, ಅವಳ ಕಲ್ಪನೆಯನ್ನೂ ಮುರಿಯದೆ ಈ ಪ್ರಶ್ನೆಗೆ ಹೇಗೆ ಉತ್ತರಿಸಬೇಕು, ಗೋದಲಿ ಬಿಚ್ಚುವಾಗ ಅವಳನ್ನು ಜೊತೆಗಿರಿಸಿಕೊಳ್ಳುವುದು ಒಳ್ಳೆಯದೇ? ಚಿಕ್ಕ ಮಕ್ಕಳಿರುವವರು ದಯವಿಟ್ಟು ತಿಳಿಸಿ.