ಉಪ್ಪುಗಾಳಿಯ ಊರಿನಲ್ಲಿ ಕಟಿಂಗ್ ಪ್ಲೇಯರ್: ಯಾವುದನ್ನು ಕೊಳ್ಳಬೇಕು, ಹೇಗೆ ಉಳಿಸಿಕೊಳ್ಳಬೇಕು?

ಪ್ರಶ್ನೆ: ಕೋಡಿಬಾಗದ ನಿವಾಸಿ, ಕಾರವಾರ

ಎಲ್ಲರಿಗೂ ನಮಸ್ಕಾರ. ಕಾಳಿ ನದಿ ಕಡಲನ್ನು ಸೇರುವ ಜಾಗಕ್ಕೆ ಹತ್ತಿರದಲ್ಲೇ ನಮ್ಮ ಮನೆಯಿದೆ. ಮನೆಯಲ್ಲಿರುವ 8 ಇಂಚಿನ ಕಟಿಂಗ್ ಪ್ಲೇಯರ್ ಮಳೆಗಾಲ ಕಳೆಯುವಷ್ಟರಲ್ಲಿ ಎಷ್ಟು ಬಿಗಿಯಾಗಿಬಿಟ್ಟಿದೆ ಎಂದರೆ, ಅದನ್ನು ತೆರೆಯಲು ಎರಡೂ ಕೈ ಬೇಕಾಗುತ್ತವೆ. ಎಣ್ಣೆ ಬಿಟ್ಟರೆ ಎರಡು ದಿನ ಸಡಿಲವಾಗಿ, ಮತ್ತೆ ಮೊದಲಿನಂತೆಯೇ ಹಿಡಿದುಕೊಳ್ಳುತ್ತದೆ. ಇದರ ಜೊತೆಗೆ, ತೆಂಗಿನ ಹಿತ್ತಲಿನ ಬೇಲಿಗೆ ತಂದ ತಂತಿಯನ್ನು ಕತ್ತರಿಸಿದ ಮೇಲೆ ಅಲಗಿನಲ್ಲಿ ಅರ್ಧಚಂದ್ರಾಕಾರದ ಎರಡು ಕಚ್ಚುಗಳು ಬಿದ್ದಿವೆ. ಈಗ ಮುಚ್ಚಿ ಹಿಡಿದರೆ ಅಲಗುಗಳ ನಡುವೆ ಬೆಳಕು ಕಾಣುತ್ತದೆ.

ಇದನ್ನು ಸರಿಪಡಿಸಬಹುದೇ, ಅಥವಾ ಹೊಸದನ್ನೇ ಕೊಳ್ಳಬೇಕೇ? ಕೊಳ್ಳುವುದಾದರೆ ಅಂಗಡಿಯಲ್ಲಿ ಏನನ್ನು ನೋಡಿ ಆರಿಸಬೇಕು? ಮನೆಯ ವೈರಿಂಗ್‌ನ ಸಣ್ಣಪುಟ್ಟ ಕೆಲಸ, ಬಾವಿಯ ಪಂಪು, ಬೇಲಿ ಇವಿಷ್ಟಕ್ಕೂ ಒಂದೇ ಪ್ಲೇಯರ್ ಸಾಕಾಗುತ್ತದೆಯೇ ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಬೈತಖೋಲದ ಫಿಟ್ಟರ್

ನಮಸ್ಕಾರ. ನಿಮ್ಮ ಎರಡು ತೊಂದರೆಗಳಿಗೂ ಕಾರಣ ಬೇರೆ ಬೇರೆ, ಆದ್ದರಿಂದ ಒಂದೊಂದಾಗಿ ಹೇಳುತ್ತೇನೆ.

ಮೊದಲು ಬಿಗಿಯಾಗುವ ವಿಷಯ. ಪ್ಲೇಯರ್ ಎಂದರೆ ಒಂದು ರಿವೆಟ್‌ನ ಮೇಲೆ ಕೂಡಿಸಿದ ಎರಡು ಸನ್ನೆಗೋಲುಗಳು. ಆ ರಿವೆಟ್‌ನ ಸುತ್ತ ಎರಡು ಉಕ್ಕಿನ ಮುಖಗಳು ಒಂದರ ಮೇಲೊಂದು ಜಾರುತ್ತವೆ. ಹಿಡಿಗೆ ಪ್ಲಾಸ್ಟಿಕ್ ಇರುತ್ತದೆ, ದವಡೆಯ ಹೊರಮೈಗೆ ಕ್ರೋಮ್ ಲೇಪವೋ ಕಪ್ಪು ಬಣ್ಣದ ಲೇಪವೋ ಇರುತ್ತದೆ. ಜಾರುವ ಆ ಒಳಮುಖಗಳಲ್ಲಿ ಮಾತ್ರ ಯಾವ ಲೇಪವೂ ಹೆಚ್ಚು ಕಾಲ ನಿಲ್ಲುವುದಿಲ್ಲ, ಏಕೆಂದರೆ ಬಳಸಿದಂತೆಲ್ಲ ಅದು ಸವೆಯುತ್ತದೆ. ಕಡಲ ಗಾಳಿಯ ಜೊತೆ ಬರುವ ಉಪ್ಪಿನ ಕಣಗಳು ಆ ಸಂದಿಯೊಳಗೆ ಸೇರಿಕೊಳ್ಳುತ್ತವೆ. ಗಾಳಿಯ ತೇವಾಂಶ ಸುಮಾರು ಶೇಕಡಾ 75 ದಾಟಿದರೆ ಉಪ್ಪು ತಾನಾಗಿಯೇ ನೀರನ್ನು ಹೀರಿಕೊಂಡು ದ್ರವವಾಗುವುದರಿಂದ, ಮಳೆಯ ಹನಿ ತಾಗದೆ ಪೆಟ್ಟಿಗೆಯೊಳಗೇ ಇದ್ದರೂ ನಿಮ್ಮ ಪ್ಲೇಯರ್‌ನ ಸಂದು ಮಳೆಗಾಲವಿಡೀ ಒದ್ದೆಯಾಗಿಯೇ ಇರುತ್ತದೆ. ಉಪ್ಪು ಒಳಗಿರುವಾಗ ಅದರ ಮೇಲೆಯೇ ಎಣ್ಣೆ ಬಿಟ್ಟರೆ ಎಣ್ಣೆಯ ಕೆಳಗೆ ತುಕ್ಕು ಮುಂದುವರಿಯುತ್ತದೆ. ನಿಮಗೆ ಎರಡು ದಿನ ಸಡಿಲವಾಗಿ ಮತ್ತೆ ಬಿಗಿಯಾಗುತ್ತಿರುವುದು ಇದೇ ಕಾರಣಕ್ಕೆ.

ಆದ್ದರಿಂದ ಮೊದಲು ಉಪ್ಪನ್ನು ತೆಗೆಯಬೇಕು. ಪ್ಲೇಯರ್‌ನ ತಲೆಯ ಭಾಗ ಮುಳುಗುವಂತೆ ಬಿಸಿ ಸಿಹಿನೀರಿನಲ್ಲಿಟ್ಟು, ನೀರಿನೊಳಗೇ ಹಲವು ಬಾರಿ ತೆರೆದು ಮುಚ್ಚಿ, ಹಳೆಯ ಟೂತ್‌ಬ್ರಷ್‌ನಿಂದ ರಿವೆಟ್‌ನ ಎರಡೂ ಬದಿಯನ್ನು ಉಜ್ಜಿರಿ. ಒರೆಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಅನಂತರ ಸಂದಿಗೆ ಸೀಮೆಎಣ್ಣೆ ಅಥವಾ ಡೀಸೆಲ್ ಬಿಟ್ಟು ಒಂದು ರಾತ್ರಿ ಇಡಿ. ಮರುದಿನ ಹಿಡಿಗಳನ್ನು ಆಡಿಸಿದಾಗ ರಿವೆಟ್‌ನ ಅಂಚಿನಿಂದ ಕಂದು ಬಣ್ಣದ ಕೆಸರು ಹೊರಬರುತ್ತದೆ. ಅದನ್ನು ಬಟ್ಟೆಯಿಂದ ಒರೆಸಿ, ಮತ್ತೆ ಸೀಮೆಎಣ್ಣೆ ಬಿಟ್ಟು, ಹೊರಬರುವ ಎಣ್ಣೆ ತಿಳಿಯಾಗುವವರೆಗೆ ಮುಂದುವರಿಸಿ. ಕೊನೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆಯ ಒಂದೆರಡು ಹನಿ ಸಾಕು. ಬೇಗ ಬಿಡಲಿ ಎಂದು ಗ್ಯಾಸ್ ಒಲೆಯ ಮೇಲೆ ಕಾಯಿಸಬೇಡಿ. ಉಕ್ಕನ್ನು ಕಾಯಿಸಿ, ತಣಿಸಿ, ಹದಮಾಡಿ ಅಲಗಿಗೆ ಕೊಟ್ಟ ಗಡಸುತನ ಆ ಬೆಂಕಿಯಲ್ಲಿ ಹೊರಟುಹೋಗುತ್ತದೆ, ಅದು ಮನೆಯಲ್ಲಿ ಮರಳಿ ಬರುವಂಥದ್ದಲ್ಲ.

ಇನ್ನು ಕಚ್ಚುಗಳ ವಿಷಯ. ಅಲಗಿನ ಗಡಸುತನ ರಾಕ್‌ವೆಲ್ ಸಿ ಮಾಪನದಲ್ಲಿ ಸಾಮಾನ್ಯವಾಗಿ 55ಕ್ಕಿಂತ ಮೇಲಿರುತ್ತದೆ, ಒಳ್ಳೆಯವುಗಳಲ್ಲಿ 60ರ ಆಚೆಗೂ ಹೋಗುತ್ತದೆ. ತಾಮ್ರ, ಅಲ್ಯೂಮಿನಿಯಂ, ಮೊಳೆ, ಸಾಧಾರಣ ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ ತಂತಿ) ಇವೆಲ್ಲ ಅದಕ್ಕಿಂತ ಬಹಳ ಮೃದು. ಆದರೆ ಈಗ ಬೇಲಿಗೆ ಬರುವ, ಹೆಚ್ಚು ಎಳೆತ ತಾಳುವ ಹೈ ಟೆನ್ಸೈಲ್ ಉಕ್ಕಿನ ತಂತಿಯೂ ಸ್ಪ್ರಿಂಗ್ ತಂತಿಯೂ ಹಾಗಲ್ಲ. ಸಾಧಾರಣ ಪ್ಲೇಯರ್‌ನ ಅಲಗು ಅವುಗಳ ಎದುರು ನಿಲ್ಲುವುದಿಲ್ಲ. ಬಿದ್ದ ಕಚ್ಚನ್ನು ಅರದಿಂದ ತೀಡಿ ತೆಗೆಯಲು ಹೋದರೆ ಅಲಗುಗಳ ನಡುವಿನ ಅಂತರವೇ ಹೆಚ್ಚುತ್ತದೆ. ಹಾಗಾಗಿ ಹಳೆಯದನ್ನು ಹಿಡಿಯುವ, ತಿರುಚುವ ಕೆಲಸಕ್ಕೆ ಇಟ್ಟುಕೊಂಡು, ಕತ್ತರಿಸಲು ಹೊಸದನ್ನು ಕೊಳ್ಳುವುದು ಮೇಲು.

ಕತ್ತರಿಸುವಾಗ ತಂತಿಯನ್ನು ಎಲ್ಲಿ ಇಡುತ್ತೇವೆ ಎಂಬುದೇ ಈ ಉಪಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಕೈ ಒತ್ತುವ ಜಾಗ ರಿವೆಟ್‌ನಿಂದ 130 ಮಿಲಿಮೀಟರ್, ದವಡೆಯ ತುದಿ 40 ಮಿಲಿಮೀಟರ್, ಅಲಗಿನ ಬುಡ 13 ಮಿಲಿಮೀಟರ್ ದೂರದಲ್ಲಿವೆ ಎಂದಿಟ್ಟುಕೊಳ್ಳಿ. ಕೈಯಿಂದ 20 ಕಿಲೋದಷ್ಟು ಒತ್ತಿದರೆ ತುದಿಯಲ್ಲಿ ಸಿಗುವುದು ಸುಮಾರು 65 ಕಿಲೋ, ಅಲಗಿನ ಬುಡದಲ್ಲಿ ಸಿಗುವುದು 200 ಕಿಲೋ. ತಂತಿಯನ್ನು ಅಲಗಿನ ಹೊರ ತುದಿಯಲ್ಲಿಟ್ಟು ಎರಡೂ ಕೈಯಿಂದ ಒತ್ತುವವರು ಎಷ್ಟೋ ಜನರಿದ್ದಾರೆ. ಅದನ್ನೇ ಬೆರಳಿನ ಅಗಲದಷ್ಟು ಒಳಕ್ಕೆ ತಂದರೆ ಒಂದೇ ಕೈಗೆ ಕೆಲಸ ಮುಗಿಯುತ್ತದೆ. ಹಿಡಿಗೆ ಪೈಪ್ ಸಿಕ್ಕಿಸಿ ಉದ್ದ ಮಾಡುವ ಅಗತ್ಯ ಬೀಳುವುದೇ ಇಲ್ಲ. ಹಾಗೆ ಮಾಡಿದರೆ ರಿವೆಟ್ ಸಡಿಲಾಗಿ, ಅಲಗುಗಳು ಒಂದನ್ನೊಂದು ಸರಿಯಾಗಿ ಮುಟ್ಟುವುದು ತಪ್ಪಿಹೋಗುತ್ತದೆ.

ಕೆಲವು ಮಾದರಿಗಳಲ್ಲಿ ರಿವೆಟ್‌ನ ಪಕ್ಕದ ಹೊರಮೈಯಲ್ಲಿ ಒಂದು ಚಿಕ್ಕ ತೋಡು ಇರುತ್ತದೆ. ಅದನ್ನು ಜಾಯಿಂಟ್ ಕಟರ್ ಎನ್ನುತ್ತಾರೆ. ಹಿಡಿಗಳನ್ನು ಪೂರ್ತಿ ತೆರೆದರೆ ಎರಡೂ ಭಾಗದ ತೋಡುಗಳು ಒಂದೇ ಸಾಲಿಗೆ ಬರುತ್ತವೆ. ಅಲ್ಲಿ ಜಿಐ ತಂತಿಯನ್ನು ಕೂರಿಸಿ ಮುಚ್ಚಿದರೆ ಕತ್ತರಿಯಂತೆ ತುಂಡಾಗುತ್ತದೆ. ಅಲಗಿಗೆ ಪೆಟ್ಟಾಗುವುದಿಲ್ಲ. ದಿನವೂ ಪ್ಲೇಯರ್ ಹಿಡಿಯುವವರಲ್ಲೂ ಇದನ್ನು ಗಮನಿಸದವರು ಇದ್ದಾರೆ ಎಂಬುದು ನನಗೆ ಬೇಸರದ ವಿಷಯ, ಏಕೆಂದರೆ ಅದನ್ನು ರೂಪಿಸಿದವರು ಬಹಳ ಯೋಚಿಸಿ ಇಟ್ಟ ಜಾಗವದು.

ಉತ್ತರ 2: ಶಿರಸಿಯ ತೋಟಿಗ

ಫಿಟ್ಟರ್ ಅವರು ಹೇಳಿದ್ದನ್ನು ಒಪ್ಪುತ್ತಲೇ ಬೇಲಿಯ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಘಟ್ಟದ ಮೇಲೆ ನಮಗೆ ಉಪ್ಪಿನ ಕಾಟವಿಲ್ಲ, ಮಳೆಯ ಕಾಟ ಮಾತ್ರ. ಅಡಿಕೆ ತೋಟಕ್ಕೆ ಕಾಡುಹಂದಿ ನುಗ್ಗದಂತೆ ಹಾಕುವ ಐಬೆಕ್ಸ್ ಎಂಬ ಕರೆಂಟ್ ಬೇಲಿಗೆ ಹೈ ಟೆನ್ಸೈಲ್ ತಂತಿಯನ್ನೇ ಬಳಸುತ್ತೇವೆ, ಅದನ್ನು ಕತ್ತರಿಸಲು ಚಿಕ್ಕ ಬೋಲ್ಟ್ ಕಟರ್ ಒಂದನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಅದರಲ್ಲಿ ಒಂದು ಸನ್ನೆಯ ಬಲ ಇನ್ನೊಂದು ಸನ್ನೆಗೆ ಸೇರುವುದರಿಂದ ಗಟ್ಟಿ ತಂತಿಯೂ ಸುಲಭವಾಗಿ ತುಂಡಾಗುತ್ತದೆ. ಎಳೆದು ಕಟ್ಟಿದ ತಂತಿಯನ್ನು ಕತ್ತರಿಸುವ ಮೊದಲು ಎರಡೂ ಕಡೆಯನ್ನು ಯಾರಾದರೂ ಹಿಡಿದಿರಬೇಕು, ಇಲ್ಲವೇ ಗೂಟಕ್ಕೆ ಸುತ್ತಿರಬೇಕು. ತುಂಡಾದ ತುದಿ ಚಿಮ್ಮಿ ಕಣ್ಣಿಗೆ ಬಡಿಯುವ ಅಪಾಯ ನಿಜವಾದದ್ದು.

ಇನ್ನೊಂದು ಎಚ್ಚರಿಕೆ. ಹಿಡಿಯ ಮೇಲೆ 1000 ವೋಲ್ಟ್ ಎಂದು ಬರೆದಿದೆ ಎಂಬ ಧೈರ್ಯದಲ್ಲಿ ಚಾಲೂ ಇರುವ ಐಬೆಕ್ಸ್ ತಂತಿಯನ್ನು ಪ್ಲೇಯರ್‌ನಿಂದ ಹಿಡಿಯುವವರನ್ನು ಕಂಡಿದ್ದೇನೆ. ಆ ತಂತಿಯಲ್ಲಿ ಸುಮಾರು ಒಂದು ಸೆಕೆಂಡಿಗೊಮ್ಮೆ ಹರಿಯುವ ಮಿಡಿತ ಹಲವು ಸಾವಿರ ವೋಲ್ಟ್‌ಗಳಷ್ಟಿರುತ್ತದೆ. ಬೇಲಿಯ ಯಂತ್ರವನ್ನು ಬಂದ್ ಮಾಡದೆ ತಂತಿ ಮುಟ್ಟಬಾರದು.

ಎಣ್ಣೆಯ ವಿಷಯದಲ್ಲಿ ಮಾತ್ರ ನನ್ನದೊಂದು ಪ್ರಶ್ನೆ. ನಮ್ಮ ಕಡೆ ಕತ್ತಿ, ಕುಡುಗೋಲು, ಪ್ಲೇಯರ್ ಎಲ್ಲಕ್ಕೂ ತೆಂಗಿನೆಣ್ಣೆಯನ್ನೇ ಸವರುವ ರೂಢಿಯಿದೆ. ಅದರಿಂದ ತೊಂದರೆಯಿದೆಯೇ?

ಉತ್ತರ 3: ಕುಮಟಾದ ವೈರಿಂಗ್ ಕೆಲಸದವರು

ವೈರಿಂಗ್‌ಗೆ ಬಳಸುವ ಪ್ಲೇಯರ್‌ನ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. ಹಿಡಿಗೆ ಪ್ಲಾಸ್ಟಿಕ್ ಇದೆ ಎಂದ ಮಾತ್ರಕ್ಕೆ ಅದು ಕರೆಂಟನ್ನು ತಡೆಯುತ್ತದೆ ಎಂದು ತಿಳಿಯಬಾರದು. ಬಹಳಷ್ಟು ಪ್ಲೇಯರ್‌ಗಳ ಹೊದಿಕೆ ಹಿಡಿತಕ್ಕಾಗಿ ಮಾತ್ರ ಇರುತ್ತದೆ. ಕರೆಂಟಿನ ಕೆಲಸಕ್ಕೆಂದೇ ತಯಾರಾದ ಉಪಕರಣಗಳಿಗೆ ಐಇಸಿ 60900 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅವುಗಳ ಮೇಲೆ ಎರಡು ತ್ರಿಕೋನಗಳ ಗುರುತೂ 1000 ವೋಲ್ಟ್ ಎಂಬ ಬರಹವೂ ಇರುತ್ತವೆ, ಮತ್ತು ಅವುಗಳನ್ನು 10,000 ವೋಲ್ಟ್‌ನಲ್ಲಿ ಪರೀಕ್ಷಿಸಿರುತ್ತಾರೆ. ಅಂಥದ್ದೇ ಆದರೂ ಹೊದಿಕೆಯಲ್ಲಿ ಬಿರುಕು ಬಿಟ್ಟಿದ್ದರೆ, ಒಳಗೆ ಉಪ್ಪುನೀರು ಇಳಿದಿದ್ದರೆ ಅದನ್ನು ನಂಬಬಾರದು. ಮನೆಯ ಕೆಲಸಕ್ಕೆ ನನ್ನ ಸಲಹೆ ಒಂದೇ: ಮೇನ್ ಸ್ವಿಚ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ, ಅನಂತರವೇ ಕೈಹಾಕಿ.

ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ: ಒಂದು ಸಾಲದು. ಕಟಿಂಗ್ ಪ್ಲೇಯರ್‌ನ ಜೊತೆ 6 ಇಂಚಿನ ನೋಸ್ ಪ್ಲೇಯರ್ ಒಂದಿರಲಿ. ಸ್ವಿಚ್‌ಗೆ ವೈರ್ ಕೂರಿಸುವಾಗ ತಂತಿಯ ತುದಿಯನ್ನು ಅದರಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಉಂಗುರ ಮಾಡಿ ಸ್ಕ್ರೂಗೆ ಹಾಕಬೇಕು. ಆಗ ಸ್ಕ್ರೂ ಬಿಗಿ ಮಾಡಿದಂತೆ ಉಂಗುರವೂ ಒಳಕ್ಕೆ ಸೇರುತ್ತದೆ. ತಿರುಗಾಮುರುಗಾ ಹಾಕಿದರೆ ಬಿಚ್ಚಿಕೊಂಡು ಹೊರಬರುತ್ತದೆ. ವೈರಿನ ಹೊದಿಕೆ ಸುಲಿಯಲು ಕಟಿಂಗ್ ಪ್ಲೇಯರ್‌ನ ಅಲಗನ್ನು ಬಳಸಬೇಡಿ. ತಾಮ್ರದ ಮೇಲೆ ಬೀಳುವ ಸಣ್ಣ ಗೀರಿನಲ್ಲೇ ಮುಂದೆ ತಂತಿ ಮುರಿಯುತ್ತದೆ.

ಕೋಡಿಬಾಗದ ನಿವಾಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಿಸಿನೀರಿನಲ್ಲಿ ತೊಳೆದಾಗಲೇ ಪ್ಲೇಯರ್ ಅರ್ಧ ಸಡಿಲವಾಯಿತು. ಅಂಗಡಿಯಲ್ಲಿ ಹೊಸದನ್ನು ಕೈಯಲ್ಲಿ ಹಿಡಿದಾಗ ಏನನ್ನು ಪರೀಕ್ಷಿಸಬೇಕು ಎಂಬುದೊಂದು ಉಳಿದಿದೆ. ಹಾಗೆಯೇ ಪಂಪಿನ ನಟ್ ಬಿಚ್ಚಲು ಯಾವ ಪ್ಲೇಯರ್ ಒಳ್ಳೆಯದು?

ಉತ್ತರ 4: ಬೈತಖೋಲದ ಫಿಟ್ಟರ್

ಮೊದಲು ಶಿರಸಿಯವರಿಗೆ. ದಿನವೂ ಒರೆಸಿ ಬಳಸುವ ಕತ್ತಿಗೆ ತೆಂಗಿನೆಣ್ಣೆ ನಡೆಯುತ್ತದೆ. ಪ್ಲೇಯರ್‌ನ ಸಂದಿಗೆ ಬೇಡ ಎನ್ನುತ್ತೇನೆ. ಅದು 24 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ, ನಿಮ್ಮಲ್ಲಿ ಚಳಿಗಾಲದ ಬೆಳಿಗ್ಗೆ ಅಷ್ಟು ತಂಪು ಸಾಮಾನ್ಯ. ಅಲ್ಲದೆ ಹಳತಾದಂತೆ ಕನರಿ ಆಮ್ಲವಾಗುತ್ತದೆ, ಸಂದಿಯೊಳಗಿನ ಆ ಆಮ್ಲವನ್ನು ಒರೆಸಿ ತೆಗೆಯಲು ಬರುವುದಿಲ್ಲ.

ಕೋಡಿಬಾಗದವರೇ, ಅಂಗಡಿಯಲ್ಲಿ ಪ್ಲೇಯರನ್ನು ಮೆಲ್ಲಗೆ ಮುಚ್ಚಿ ಬೆಳಕಿಗೆ ಹಿಡಿಯಿರಿ. ಅಲಗುಗಳ ಉದ್ದಕ್ಕೂ ಎಲ್ಲಿಯೂ ಬೆಳಕು ತೂರಬಾರದು, ದವಡೆಯ ತುದಿಗಳು ಒಂದಕ್ಕೊಂದು ಸರಿಯಾಗಿ ಕೂರಬೇಕು. ಕಾಗದದ ತುಂಡೊಂದನ್ನು ಅಲಗಿನ ಬುಡ, ನಡು, ತುದಿ ಮೂರೂ ಕಡೆ ಕತ್ತರಿಸಿ ನೋಡಿ. ಬಳಿಕ ಒಂದು ಹಿಡಿಯನ್ನು ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ಮೇಲೆ ಕೆಳಗೆ ಅಲುಗಾಡಿಸಿ. ತೆರೆಯುವಾಗ ಸಲೀಸಾಗಿರಬೇಕು, ಅಡ್ಡಕ್ಕೆ ಸ್ವಲ್ಪವೂ ಆಡಬಾರದು. ಹೊಳಪು ನೋಡಿ ಮಾರುಹೋಗಬೇಡಿ. ನಾಸಿಕದ ತಾಪಾರಿಯಾದಂಥ ಹೆಸರಾಂತ ತಯಾರಕರ 8 ಇಂಚಿನ ಪ್ಲೇಯರ್ ಮನೆಗೆ ಧಾರಾಳವಾಯಿತು, ಜಾಯಿಂಟ್ ಕಟರ್ ಇರುವ ಮಾದರಿಯನ್ನೇ ಕೇಳಿ ಪಡೆಯಿರಿ.

ನಟ್ ಬಿಚ್ಚಲು ಯಾವ ಪ್ಲೇಯರೂ ಬೇಡ, ಸರಿಯಾದ ಅಳತೆಯ ಸ್ಪ್ಯಾನರ್ ಬೇಕು. ದವಡೆಯ ನಡುವೆ ಹಲ್ಲಿರುವ ಅಂಡಾಕಾರದ ತಗ್ಗು ಪೈಪು, ಸರಳು ಮುಂತಾದ ಉರುಟು ವಸ್ತುಗಳಿಗಾಗಿ ಇರುವುದು. ನಟ್‌ಗೆ ಹಾಕಿದರೆ ಮೂಲೆಗಳು ಸವೆದು, ಕೊನೆಗೆ ಸ್ಪ್ಯಾನರೂ ಹಿಡಿಯದಂತಾಗುತ್ತದೆ. ಈಗಾಗಲೇ ಮೂಲೆ ಸವೆದ ನಟ್ ಇದ್ದರೆ ಮಾತ್ರ ಲಾಕ್ ಆಗುವ ಗ್ರಿಪ್ ಪ್ಲೇಯರ್ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ನೆಲೆಸಿದ್ದ ಡೆನ್ಮಾರ್ಕ್ ಮೂಲದ ಕಮ್ಮಾರ ವಿಲಿಯಂ ಪೀಟರ್‌ಸನ್ 1924ರಲ್ಲಿ ಅದರ ಲಾಕ್ ಹಿಡಿಗೆ ಪೇಟೆಂಟ್ ಪಡೆದರು. ಹಿಡಿಯ ಹಿಂತುದಿಯ ಸ್ಕ್ರೂ ತಿರುಗಿಸಿ ದವಡೆಯ ಅಂತರವನ್ನು ಹೊಂದಿಸಿ ಒತ್ತಿದರೆ ಕೈಬಿಟ್ಟರೂ ಹಿಡಿತ ಬಿಡುವುದಿಲ್ಲ. ತುಕ್ಕು ಹಿಡಿದ ಪಂಪಿನ ನಟ್‌ಗೆ ಹಿಂದಿನ ದಿನವೇ ಸೀಮೆಎಣ್ಣೆ ಬಿಟ್ಟು, ಮರುದಿನ ಗ್ರಿಪ್ ಪ್ಲೇಯರನ್ನು ಹಾಕಿ ಮೊದಲು ಸ್ವಲ್ಪ ಬಿಗಿ ಮಾಡುವ ಕಡೆಗೂ, ಆಮೇಲೆ ಬಿಚ್ಚುವ ಕಡೆಗೂ ತಿರುಗಿಸಿ. ಬಿಚ್ಚಿದ ಮೇಲೆ ಆ ನಟ್ಟನ್ನು ಮತ್ತೆ ಹಾಕದೆ, ಸ್ಟೇನ್‌ಲೆಸ್ ಸ್ಟೀಲಿನ ನಟ್ ಬೋಲ್ಟ್ ಎರಡನ್ನೂ ಹೊಸದಾಗಿ ಹಾಕಿಸಿ.