ಸಾಲ್ಮೊನೆಲ್ಲಾ: ‘ತಳಿ’ ಯಾವುದಕ್ಕೆ, ‘ಬಗೆ’ ಯಾವುದಕ್ಕೆ?

ಎಲ್ಲರಿಗೂ ನಮಸ್ಕಾರ.

ಊಟದ ಮೂಲಕ ಹೊಟ್ಟೆ ಸೇರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಸಂಶೋಧನೆಗಾಗಿ ಲ್ಯಾಬಿನಲ್ಲಿ ಹೇಗೆ ಕಾಪಿಡುತ್ತಾರೆ ಅಂತ ಪಿಯುಸಿ ಮಕ್ಕಳಿಗೆ ಬರೆಯುತ್ತಿದ್ದೇನೆ. ಎರಡು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು, ಸೆರೋವಾರ್ ಮತ್ತು ಸ್ಟ್ರೇನ್. ಎರಡನ್ನೂ ‘ತಳಿ’ ಅಂದುಬಿಟ್ಟರೆ ಮಕ್ಕಳಿಗೆ ಗೊಂದಲ ಆಗುತ್ತದೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸೀರಮ್ (ರಕ್ತದ ತಿಳಿ ಭಾಗ) ಹಾಕಿ, ಅದರಲ್ಲಿ ಬ್ಯಾಕ್ಟೀರಿಯಾ ಕಲಸುತ್ತಾರೆ. ಯಾವ ಸೀರಮ್‌ನಲ್ಲಿ ತರಿತರಿಯಾಗುತ್ತದೆ ಅನ್ನುವುದರ ಮೇಲೆ ಸೆರೋವಾರ್ ಗೊತ್ತಾಗುತ್ತದೆ. ಇಂಥವು 2,500ಕ್ಕೂ ಜಾಸ್ತಿ ಇವೆ. ಎಷ್ಟೋ ಹೆಸರುಗಳು ಊರಿನವು: ಡಬ್ಲಿನ್, ಮಾಂಟೆವಿಡಿಯೊ, ನಮ್ಮ ಉತ್ತರ ಪ್ರದೇಶದ ಬರೇಲಿ ಕೂಡ. ಸ್ಟ್ರೇನ್ ಹಾಗಲ್ಲ. ಅದು ಒಂದು ಸೆರೋವಾರ್ ಒಳಗೆ ಬೇರೆ ಮಾಡಿ ಬೆಳೆಸಿಕೊಂಡು ಬಂದ ಒಂದೇ ಸಂತತಿ. ಉದಾಹರಣೆಗೆ, ಟೈಫಿಮ್ಯೂರಿಯಮ್ ಅನ್ನುವುದು ಸೆರೋವಾರ್, ಎಲ್‌ಟಿ2 ಅದರೊಳಗಿನ ಸ್ಟ್ರೇನ್. 2001ರಲ್ಲಿ ಪೂರ್ತಿ ಜೀನೋಮ್ ಓದಿ ಪ್ರಕಟಿಸಿದ್ದು ಈ ಎಲ್‌ಟಿ2ದನ್ನೇ. ಸೆರೋವಾರ್‌ಗೆ ‘ಸೀರಮ್ ಬಗೆ’, ಸ್ಟ್ರೇನ್‌ಗೆ ಮಾತ್ರ ‘ತಳಿ’ ಅಂತ ಇಟ್ಟುಕೊಳ್ಳೋಣ ಅನ್ನುವುದು ನನ್ನ ಅಭಿಪ್ರಾಯ. ರಾಗಿ, ಭತ್ತದ ತಳಿ ಗೊತ್ತಿರುವವರಿಗೆ ಇದು ಸಲೀಸು, ಅಲ್ವಾ?

ಎರಡನೆಯದೇ ನನಗೆ ನಿಜವಾಗಿ ಕಷ್ಟ ಕೊಡುತ್ತಿರುವುದು. ಹಳೆಯ ಕಲ್ಚರ್‌ನಿಂದ (ಲ್ಯಾಬಿನಲ್ಲಿ ಬೆಳೆಸಿಟ್ಟ ಬ್ಯಾಕ್ಟೀರಿಯಾದಿಂದ) ಚೂರು ತೆಗೆದು ಹೊಸದರಲ್ಲಿ ಬೆಳೆಸುವುದನ್ನು ಲ್ಯಾಬಿನಲ್ಲಿ ಸಬ್‌ಕಲ್ಚರ್ ಅನ್ನುತ್ತಾರೆ. ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆದರೆ ಹೀಗೆ ಮಾಡುತ್ತಾ ಹೋದರೆ ತಳಿಯೇ ಬದಲಾಗುತ್ತದೆ. ಎಲ್‌ಟಿ2ನಲ್ಲೂ ಕಷ್ಟಕಾಲ ತಡೆದುಕೊಳ್ಳಲು ನೆರವಾಗುವ ಆರ್‌ಪಿಒಎಸ್ ಅನ್ನುವ ಜೀನ್ ಮಾರ್ಪಾಡಾಗಿದೆ. ಇಲಿಗಳಿಗೆ ರೋಗ ತರಿಸುವ ಅದರ ಶಕ್ತಿ ತಗ್ಗಿರುವುದಕ್ಕೆ ಇದೊಂದು ಕಾರಣ. ಅದಕ್ಕೇ ಗ್ಲಿಸರಾಲ್ ಬೆರೆಸಿ, ಪುಟ್ಟ ತಿರುಪು ಮುಚ್ಚಳದ ಟ್ಯೂಬಿನಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಡುವುದು. ಬೇಕಾದಾಗ ಟ್ಯೂಬನ್ನು ಕರಗಲು ಬಿಡದೆ, ಮೇಲಿನ ಮಂಜನ್ನು ತಂತಿಯ ತುದಿಯಿಂದ ಕೆರೆದು, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೆ ಗೆರೆ ಎಳೆಯುತ್ತಾರೆ. ಉಳಿದದ್ದು ಹಾಗೇ ಫ್ರೀಜರಿಗೆ ವಾಪಸ್.

ಸಬ್‌ಕಲ್ಚರ್‌ಗೆ ‘ಮರುಬಿತ್ತನೆ’ ಆಗಬಹುದೇ? ‘ಮರುಹೆಪ್ಪು’ ಕಿವಿಗೆ ಹಿತವಾಗಿದೆ, ಆದರೆ ರೋಗ ತರುವ ಬ್ಯಾಕ್ಟೀರಿಯಾಗೆ ಆ ಮಾತು ಬಳಸಲು ಮನಸ್ಸು ಬರುತ್ತಿಲ್ಲ. ಲ್ಯಾಬಿನಲ್ಲಿ ಕೆಲಸ ಮಾಡುವವರು ಕನ್ನಡದಲ್ಲಿ ಮಾತಾಡುವಾಗ ಏನನ್ನುತ್ತೀರಿ, ದಯವಿಟ್ಟು ತಿಳಿಸಿ.