ಪದಚರ್ಚೆ: 'ಡ್ರೈ ರಬ್'ಗೆ ಏನನ್ನೋಣ? ಹಚ್ಚುಪುಡಿ, ತಿಕ್ಕುಪುಡಿ, ಇಲ್ಲಾ ಸುಮ್ನೆ ಮಸಾಲೆ?

ಎಲ್ಲರಿಗೂ ನಮಸ್ಕಾರ,

ಒಂದು ಅಡುಗೆಮನೆಯ ಪದ ಸಿಗದೆ ಎರಡು ದಿನದಿಂದ ಒದ್ದಾಡುತ್ತಿದ್ದೇನೆ. ನಾವಿರುವುದು ಟೊರಾಂಟೊದಲ್ಲಿ. ಇಲ್ಲಿ ಜಮೈಕಾದವರು ಬಹಳ. ಪಕ್ಕದ ಮನೆಯ ಅಜ್ಜಿಯೂ ಅಲ್ಲಿಯವರೇ, ಪೋರ್ಟ್‌ಲ್ಯಾಂಡ್ ಕಡೆಯವರು. ಅವರಿಂದ ಜರ್ಕ್ ಮಸಾಲೆ ಮಾಡುವುದನ್ನು ಕಲಿತೆ. ಅಲ್ಲಿ ಇದನ್ನು ಹಸಿಯಾಗಿ ರುಬ್ಬುವುದೇ ಜಾಸ್ತಿಯಂತೆ. ಅಜ್ಜಿ ನನಗೆ ಹೇಳಿಕೊಟ್ಟಿದ್ದು ಒಣಪುಡಿ. ಕೋಳಿಗೋ ಹಂದಿಗೋ ಕೈಯಿಂದ ಒತ್ತಿ ತಿಕ್ಕಿ, ರಾತ್ರಿಯಿಡೀ ಬಿಟ್ಟು, ಮಾರನೇ ದಿನ ಕೆಂಡದ ಮೇಲೆ ಸುಡಬೇಕು. ಬರುವ ವಾರ ಕನ್ನಡದ ಗೆಳೆಯರೆಲ್ಲ ಊಟಕ್ಕೆ ಸೇರುತ್ತೇವೆ, ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಡಬ್ಬಿ ಕೊಡೋಣ ಅಂತ ಚೀಟಿ ಬರೆಯಲು ಕೂತರೆ ಮೊದಲ ಸಾಲಿಗೇ ಪೆನ್ನು ನಿಂತಿತು. ಇಂಗ್ಲಿಷಿನವರು ಇದನ್ನು ಡ್ರೈ ರಬ್ ಅಂತಾರೆ. ನಾವು?

ಮಸಾಲೆಪುಡಿ ಅಂದರೆ ಆಯ್ತಲ್ಲ ಅಂತೀರಿ, ಗೊತ್ತು. ಆದರೆ ಮಸಾಲೆಪುಡಿ ಅಂದ ಕೂಡಲೇ ನಮ್ಮವರು ಅದನ್ನು ಸಾರಿಗೆ ಹಾಕುತ್ತಾರೆ. ಹೋದ ಸಲ ಒಬ್ಬ ಗೆಳೆಯರಿಗೆ ಕೊಟ್ಟಿದ್ದೆ. ಅವರು ಕುದಿಯುವ ಹುಳಿಗೆ ಎರಡು ಚಮಚ ಸುರಿದರಂತೆ. "ಲವಂಗದ ಕಷಾಯ ಕುಡಿದ ಹಾಗಾಯ್ತು ಮಾರಾಯ" ಅಂದರು. ಹಾಗಾಗಿ ಪುಡಿಯಿಂದ ಏನು ಮಾಡಬೇಕು ಅನ್ನುವುದು ಹೆಸರಲ್ಲೇ ಇರಬೇಕು ಅಂತ ನನ್ನ ಹಟ.

ನಾನು ಸಾಗರದ ಕಡೆಯವನು, ಹೆಂಡತಿ ಧಾರವಾಡದವಳು. ನಾನು 'ತಿಕ್ಕುಪುಡಿ' ಅಂದೆ. ಪಾತ್ರೆ ತಿಕ್ಕೋದಾ ಅಂದಳು. 'ಉಜ್ಜುಪುಡಿ' ಅಂದೆ, ಅದು ಹಲ್ಲುಪುಡಿಯಾಯಿತು. 'ಸವರು' ಒಣಪುಡಿಗೆ ಒಗ್ಗುವುದಿಲ್ಲ. ಬೆಣ್ಣೆ ಸವರುತ್ತೇವೆ, ಎಣ್ಣೆ ಸವರುತ್ತೇವೆ, ಅದಕ್ಕೆ ಬೆರಳ ತುದಿ ಸಾಕು, ಇಲ್ಲಿ ಅಂಗೈಯ ಒತ್ತು ಬೇಕು. 'ಮೆತ್ತು' ಅಂದರೆ ರುಬ್ಬಿದ ಮಸಾಲೆ ದಪ್ಪಗೆ ಕೂತ ಹಾಗೆ. ಕೊನೆಗೆ ಅವಳು ಅಂದಿದ್ದು 'ಹಚ್ಚು'. ಸಾಕ್ಷಿ ಕೇಳಿದ್ದಕ್ಕೆ ಹಚ್ಚಿದ ಅವಲಕ್ಕಿ ಅಂದಳು. ನನ್ನ ಬಾಯಿ ಕಟ್ಟಿತು. ಪುಡಿ, ಉಪ್ಪು, ಎಣ್ಣೆ ಹಾಕಿ ಕೈಯಲ್ಲೇ ಹಚ್ಚುವುದು, ಕುದಿಸುವ ಮಾತೇ ಇಲ್ಲ. ಇದಕ್ಕಿಂತ ಹತ್ತಿರದ್ದು ಸಿಗಲಿಕ್ಕಿಲ್ಲ. ಹುರಿಗಡಲೆ, ಕುಡಿನೀರು ಇದ್ದ ಹಾಗೆ ಹಚ್ಚುಪುಡಿ ಅಂತ ಕಟ್ಟಬಹುದು, ಅಲ್ವಾ?

ಅನುಮಾನ ಒಂದೇ. ನನಗೆ ಹಚ್ಚು ಅಂದರೆ ಮೊದಲು ನೆನಪಾಗುವುದು ದೀಪ. ಮೈಸೂರು ಕಡೆ ಮಾತಿನಲ್ಲಿ ತರಕಾರಿಯನ್ನೂ 'ಹಚ್ಚುತ್ತಾರೆ', ಅಂದರೆ ಹೆಚ್ಚುತ್ತಾರೆ. ಧಾರವಾಡದಲ್ಲಿ ಫೋನನ್ನೂ ಹಚ್ಚುತ್ತಾರೆ. ಎಲ್ಲ ಕಡೆಯವರೂ ಓದುವ ಚೀಟಿಗೆ ಈ ಪದ ನಿಲ್ಲುತ್ತದೆಯೇ?

ಮ್ಯಾರಿನೇಟ್‌ಗೆ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಉಪ್ಪಿನಕಾಯಿಗೆ ಉಪ್ಪು ಹಿಡಿದ ಹಾಗೆ, "ಮಸಾಲೆ ಹಿಡಿಯಲು ರಾತ್ರಿ ಬಿಡಿ" ಅಂತ ಬರೆದೆ.

ಎರಡನೇ ತಕರಾರು ಮುಖ್ಯ ಕಾಳಿನದು. ಅಜ್ಜಿ ಅದನ್ನು ಪಿಮೆಂಟೊ ಅನ್ನುತ್ತಾರೆ. ಅಂಗಡಿಗೆ ಹೋಗಿ ಪಿಮೆಂಟೊ ಅಂತ ಬರೆದ ಶೀಶೆ ತಂದೆ. ಮುಚ್ಚಳ ತೆಗೆದರೆ ಆಲಿವ್ ಕಾಯಿಯೊಳಗೆ ತುರುಕುತ್ತಾರಲ್ಲ, ಆ ಕೆಂಪು ಸಿಹಿ ಮೆಣಸಿನಕಾಯಿಯ ಚೂರುಗಳು, ನೀರಿನಲ್ಲಿ ತೇಲುತ್ತಿದ್ದವು. ಅಜ್ಜಿ ನಕ್ಕು ನಕ್ಕು ಕುರ್ಚಿಯಲ್ಲಿ ಕೂತುಬಿಟ್ಟರು. ಅವರಿಗೆ ಬೇಕಾದದ್ದು ಅಂಗಡಿಗಳಲ್ಲಿ ಆಲ್‌ಸ್ಪೈಸ್ ಅಂತ ಸಿಗುವ ಕಂದು ಕಾಳು. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಆಲ್‌ಸ್ಪೈಸ್ ಅಂದರೆ ಗರಂ ಮಸಾಲೆ ಅಂದುಕೊಂಡರು. ಅದು ಬೆರಕೆ ಅಲ್ಲ, ಒಂದೇ ಮರದ ಕಾಯಿ. ಲವಂಗ, ಚಕ್ಕೆ, ಜಾಯಿಕಾಯಿ ಮೂರರ ವಾಸನೆಯೂ ಬರುತ್ತದೆ ಅಂತ ಇಂಗ್ಲಿಷಿನವರು ಹಾಗೆ ಕರೆದರು. ಲವಂಗದ ಘಾಟು ಕೊಡುವ ಯೂಜಿನಾಲ್ ಇದರಲ್ಲೂ ಇದೆ. ಗೆಳೆಯರ ಹುಳಿ ಕಷಾಯವಾಗಿದ್ದು ಅದಕ್ಕೇ.

ಪಿಮೆಂಟೊ ಅನ್ನುವ ಹೆಸರಿನ ಹಿಂದೆ ನಮಗೆ ಚೆನ್ನಾಗಿ ಗೊತ್ತಿರುವ ಕಥೆಯೇ ಇದೆ. ಸ್ಪೇನಿನವರಿಗೆ ಪಿಮಿಯೆಂತಾ ಅಂದರೆ ಕಾಳುಮೆಣಸು. ಕೆರಿಬಿಯನ್ ದ್ವೀಪಗಳಲ್ಲಿ ಈ ದುಂಡು ಕಾಳು ಕಂಡಾಗ ಅದನ್ನೂ ಮೆಣಸೇ ಅಂದರು, ಅಮೆರಿಕದ ಖಾರದ ಕಾಯಿಗೆ ಪಿಮಿಯೆಂತೊ ಅಂದರು. ನಾವು ಮಾಡಿದ್ದೂ ಅದೇ ತಾನೆ? ಮೆಣಸು ಅಂದರೆ ಕಾಳು ಮಾತ್ರ ಆಗಿತ್ತು. ಸಮುದ್ರ ದಾಟಿ ಹೊಸ ಕಾಯಿ ಬಂತು, ಮೆಣಸಿನಕಾಯಿ ಆಯಿತು. ಈಗ ಮಂಗಳೂರು ಕಡೆ ಬರೀ ಮೆಣಸು ಅಂದರೆ ಆ ಕಾಯಿಯೇ, ಹಳೆಯದು ಪಾಪ 'ಒಳ್ಳೆಮೆಣಸು' ಅನ್ನಿಸಿಕೊಂಡು ಬದುಕಬೇಕಾಯಿತು. ಈ ಲೆಕ್ಕದಲ್ಲಿ ಆಲ್‌ಸ್ಪೈಸಿಗೆ 'ಜಮೈಕಾ ಮೆಣಸು' ಅನ್ನಬಹುದು, ಯುರೋಪಿನ ಕೆಲವು ಭಾಷೆಗಳಲ್ಲಿ ಹಾಗೇ ಇದೆ. ಆದರೆ ನಮ್ಮ ಕಡೆಯ ನರ್ಸರಿಗಳಲ್ಲಿ ಈ ಗಿಡಕ್ಕೆ 'ಸರ್ವಸಾಂಬಾರ' ಅಂತ ಹೆಸರಿದೆ, ಎಲೆಯನ್ನು ಪಲಾವಿಗೆ ಹಾಕುತ್ತಾರೆ. ನನಗೆ ಇದೇ ಇಷ್ಟ. ತೊಂದರೆ ಏನೆಂದರೆ, ಬೆಂಗಳೂರಿನವರು ಸಾಂಬಾರ ಓದಿ ಸಾಂಬಾರು ಅಂದುಕೊಂಡು ಮತ್ತೆ ಕುದಿಸಿಬಿಟ್ಟರೆ?

ಥೈಮ್ ಅನ್ನುವ ವಾಸನೆ ಸೊಪ್ಪಿನ ಹೆಸರನ್ನು ಹಾಗೇ ಬಿಟ್ಟೆ. ಓಮಕ್ಕೆ ಆ ವಾಸನೆ ಕೊಡುವ ಥೈಮಾಲ್ ಥೈಮಿನಲ್ಲೂ ಇದೆ, ಆದರೆ ಓಮ ಅಂತ ಬರೆದರೆ ಸುಳ್ಳಾಗುತ್ತದೆ. ಒಂದು ತಮಾಷೆ: ನಮ್ಮ ದೊಡ್ಡಪತ್ರೆಯನ್ನು ಕೆರಿಬಿಯನ್ನಿನ ಕೆಲವು ಕಡೆ ಅಗಲ ಎಲೆಯ ಥೈಮ್ ಅನ್ನುತ್ತಾರೆ.

ಸ್ಕಾಚ್ ಬಾನೆಟ್ ಮೆಣಸಿನಕಾಯಿಗೆ ಸ್ಕಾಟ್ಲೆಂಡಿನವರ ಟೋಪಿಯ ಆಕಾರ, ಹೆಸರು ಬಂದದ್ದು ಅದರಿಂದ. ದೊಣ್ಣೆ ಮೆಣಸಿನಕಾಯಿ ಇರುವಾಗ ಟೋಪಿ ಮೆಣಸಿನಕಾಯಿ ಯಾಕಿರಬಾರದು ಅಂದಳು ಹೆಂಡತಿ. ಟೋಪಿ ಹಾಕಿದ ಅಂತಾರೆ, ಬೇಡ ಅಂದೆ.

ಇನ್ನು ಜರ್ಕ್. ನಮ್ಮ ಕಿವಿಗೆ ಬಸ್ಸು ಜರ್ಕ್ ಹೊಡೆದ ಹಾಗೆ ಕೇಳುತ್ತದೆ, ಆದರೆ ಆ ಜರ್ಕ್ ಬೇರೆ. ಇದು ಆಂಡಿಸ್ ಬೆಟ್ಟಗಳ ಕೆಚುವಾ ಭಾಷೆಯ ಮಾತು, ಒಣಗಿಸಿದ ಮಾಂಸ ಅಂತ ಅರ್ಥ, ಸ್ಪ್ಯಾನಿಷಿನಲ್ಲಿ ಚಾರ್ಕಿ ಆಗಿ ಇಂಗ್ಲಿಷಿಗೆ ಬಂತು. ಜಮೈಕಾದಲ್ಲಿ ಇದನ್ನು ಬೆಳೆಸಿದವರು ಮರೂನರು, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬ್ಲೂ ಮೌಂಟನ್ ಕಾಡು ಸೇರಿದವರು. ಕಾಡುಹಂದಿಯ ಮಾಂಸಕ್ಕೆ ಮಸಾಲೆ ಹಚ್ಚಿ, ಇದೇ ಪಿಮೆಂಟೊ ಮರದ ಕಟ್ಟಿಗೆಯ ಹೊಗೆಯಲ್ಲಿ ಬೇಯಿಸುತ್ತಿದ್ದರು. ಹಾಗಾಗಿ ಅಜ್ಜಿಯ ಪ್ರಕಾರ ನನ್ನ ಡಬ್ಬಿಯಲ್ಲಿ ಇರುವುದು ಜರ್ಕ್ ಅಲ್ಲವೇ ಅಲ್ಲ, ಜರ್ಕ್ ಅಂದರೆ ಸುಡುವ ರೀತಿ.

ಚೀಟಿಯಲ್ಲಿ ಇಷ್ಟಿದೆ, ತಿದ್ದಿ: "ಸರ್ವಸಾಂಬಾರದ ಕಾಳು 2 ದೊಡ್ಡ ಚಮಚ, ಸ್ವಲ್ಪ ಬೆಚ್ಚಗೆ ಮಾಡಿ. ಒಣ ಥೈಮ್ 1 ದೊಡ್ಡ ಚಮಚ, ಕರಿಮೆಣಸು 1 ಸಣ್ಣ ಚಮಚ, ಒಂದಿಂಚು ಚಕ್ಕೆ, ಒಣ ಸ್ಕಾಚ್ ಬಾನೆಟ್ 2 ಸೇರಿಸಿ ಪುಡಿ ಮಾಡಿ. ಜಾಯಿಕಾಯಿ ಕಾಲುಭಾಗ ತುರಿದು ಹಾಕಿ. ಒಣಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಪುಡಿ ಎರಡೆರಡು ಸಣ್ಣ ಚಮಚ, ಉಪ್ಪು 1 ದೊಡ್ಡ ಚಮಚ. ಕಂದು ಸಕ್ಕರೆ 2 ದೊಡ್ಡ ಚಮಚ, ಹಚ್ಚುವ ದಿನವೇ ಬೆರೆಸಿ, ಮೊದಲೇ ಹಾಕಿದರೆ ಗಂಟು ಕಟ್ಟುತ್ತದೆ."

ಕರಾವಳಿಯವರು, ಕೊಡಗಿನವರು, ಕಲಬುರಗಿ ಕಡೆಯವರು ನಿಮ್ಮ ಮನೆಯಲ್ಲಿ ಮಾಂಸಕ್ಕೆ ಒಣಪುಡಿ ಹಾಕಿ ಒತ್ತುವುದಕ್ಕೆ ಯಾವ ಮಾತು ಆಡುತ್ತೀರಿ, ದಯವಿಟ್ಟು ಬರೆಯಿರಿ. ಶನಿವಾರದೊಳಗೆ ಚೀಟಿ ಅಂಟಿಸಬೇಕು. ಸದ್ಯಕ್ಕೆ ಪೆನ್ಸಿಲಿನಲ್ಲಿ 'ಜರ್ಕ್ ಹಚ್ಚುಪುಡಿ' ಅಂತ ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ 'ಸಾರಿಗೆ ಹಾಕಬೇಡಿ' ಅಂತ ಸೇರಿಸಿದ್ದೇನೆ.